ಸಿಲಿಕೋನ್ ಬಿಲ್ಲೆ ಮತ್ತು ಕಾರವಾರದ ಮಳೆಗಾಲ

ಬಿಲ್ಲೆ 12 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಎಳನೀರಿನ ಗಂಜಿಯ ಹಾಗೆ ಮಬ್ಬು ಬಿಳಿ, ಬೆರಳಲ್ಲಿ ಒತ್ತಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಚರ್ಮದಡಿ ಕೂರಿಸುವ ಸಾಧನವೊಂದಕ್ಕೆ ಮೆತ್ತೆಯಾಗಿ ಹೋಗಬೇಕಾದ ಸಿಲಿಕೋನ್ ಅದು. ಒಳಗೆ ಹೋದಮೇಲೆ ವರ್ಷಗಟ್ಟಲೆ ಅಲ್ಲೇ ಇರಬೇಕು. ಘಟ್ಟದ ಮೇಲೆ ಶಿರಸಿ ಕಡೆಯಲ್ಲಿ ಅಚ್ಚಾಗಿ, ಬೇರೆ ಊರಲ್ಲಿ ಎಥಿಲೀನ್ ಆಕ್ಸೈಡ್ ಅನಿಲದಿಂದ ಸ್ಟೆರೈಲ್ ಆಗಿ, ಕಾರವಾರದ ನಮ್ಮ ಲ್ಯಾಬಿನ ಮೇಜಿಗೆ ಬಂದದ್ದು ಜುಲೈ ಮೊದಲ ವಾರ. ಮೊದಲ ಸಲ ಜೀವಕೋಶಗಳ ಪರೀಕ್ಷೆಯಲ್ಲಿ ಬಿತ್ತು. ಯಾಕೆ ಬಿತ್ತು, ಕಾರಣ ಹೇಗೆ ಸಿಕ್ಕಿತು, ನಡುವೆ ಎಲ್ಲೆಲ್ಲಿ ಕೈ ಜಾರಬಹುದು ಎಂಬುದನ್ನು ಇಂಥದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಬರೆದಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯ ಮಾತು. ಬಿಲ್ಲೆಯ ಜೊತೆ ಕಚ್ಚಾ ಸಿಲಿಕೋನ್ ಮಾರಿದವರ ಸರ್ಟಿಫಿಕೇಟೂ ಬಂದಿತ್ತು: ಮೆಡಿಕಲ್ ಗ್ರೇಡ್, ಅಮೆರಿಕದ ಔಷಧಕೋಶದ ಪರೀಕ್ಷೆಯಾದ ಯುಎಸ್‌ಪಿ ಕ್ಲಾಸ್ 6 ಪಾಸ್. ಅದು ಸುಳ್ಳಲ್ಲ. ಆದರೆ ಆ ಕಾಗದ ಹೇಳುವುದು ಮಾರಿದವರ ಕಾರ್ಖಾನೆಯಲ್ಲಿ ಮಾಡಿದ ಹಾಳೆಯ ವಿಷಯ. ಇಲ್ಲಿನ ಅಚ್ಚು, ಅಂಟದಿರಲೆಂದು ಅಚ್ಚಿಗೆ ಹಚ್ಚಿದ ರಿಲೀಸ್ ಸ್ಪ್ರೇ, ಒವನ್ನಿನಲ್ಲಿ ಇಟ್ಟ ಹೊತ್ತು, ತೊಳೆದ ಸೋಪು, ತುಂಬಿದ ಚೀಲ, ಹಾಯಿಸಿದ ಅನಿಲ ಇವು ಯಾವುವೂ ಅದರಲ್ಲಿಲ್ಲ. ಐಎಸ್‌ಒ 10993 ಎಂಬ, ಸಾಧನ ಮೈಗೆ ಒಗ್ಗುತ್ತದೆಯೇ ಎಂದು ನೋಡುವ ಅಂತಾರಾಷ್ಟ್ರೀಯ ಮಾನಕಗಳ ಸರಣಿ ಕೇಳುವುದು ಕೊನೆಯ ರೂಪದ ವಸ್ತುವನ್ನು, ಅಂದರೆ ರೋಗಿಯ ಮೈಯೊಳಗೆ ಹೋಗುವ ಅದೇ ತುಣುಕನ್ನು. ಅಕ್ಕಿ ಒಳ್ಳೆಯದೆಂದ ಮಾತ್ರಕ್ಕೆ ಅನ್ನ ಬೆಂದಿದೆ ಎನ್ನಲಾಗದು.

ಯಾವ ಪರೀಕ್ಷೆ ಬೇಕೆಂಬುದನ್ನು ಎರಡು ಸಂಗತಿ ನಿರ್ಧರಿಸುತ್ತವೆ: ವಸ್ತು ಮೈಯ ಯಾವ ಭಾಗವನ್ನು ಮುಟ್ಟುತ್ತದೆ, ಎಷ್ಟು ಹೊತ್ತು ಮುಟ್ಟುತ್ತದೆ. 24 ಗಂಟೆಯೊಳಗೆ, 24 ಗಂಟೆಯಿಂದ 30 ದಿನ, 30 ದಿನಕ್ಕಿಂತ ಹೆಚ್ಚು ಎಂದು ಮೂರು ಪಂಗಡ. ನಮ್ಮದು ಮೂರನೆಯದು, ಅಂಗಾಂಶವನ್ನು ನೇರ ಮುಟ್ಟುವಂಥದ್ದು. ಆದ್ದರಿಂದ ಪಟ್ಟಿ ಉದ್ದ: ರಾಸಾಯನಿಕ ಗುರುತು, ಕೋಶವಿಷತ್ವ, ಅಲರ್ಜಿ, ಉರಿ-ಕೆರಳಿಕೆ, ಜ್ವರಕಾರಕ, ಮೈಗೆಲ್ಲ ಹರಡುವ ವಿಷ, ವಂಶವಾಹಿಗೆ ಹಾನಿ, ಪ್ರಾಣಿಯ ಅಂಗಾಂಶದಲ್ಲಿ ಇಟ್ಟು ನೋಡುವುದು. ಎಲ್ಲವನ್ನೂ ಒಟ್ಟಿಗೆ ಶುರುಮಾಡುವವರಿದ್ದಾರೆ, ಹಾಗೆ ಮಾಡಬೇಡಿ. ರಸಾಯನ ಮತ್ತು ಕೋಶಪರೀಕ್ಷೆ ಮೊದಲು ಮುಗಿಯಲಿ. ಅಲ್ಲಿ ಬೀಳುವ ತುಣುಕನ್ನು ಪ್ರಾಣಿಗಳ ಮೇಲೆ ಪ್ರಯೋಗಿಸುವುದು ಹಣ ಪೋಲು ಮಾಡುವುದಷ್ಟೇ ಅಲ್ಲ, ಕ್ರೌರ್ಯ ಕೂಡ.

ಈಗ ಮಳೆಗಾಲದ ಮಾತು. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕೋಶ ಬೆಳೆಸುವ ಕೋಣೆಗೆ ಬೂಷ್ಟು ಬರುವುದು ಸಾಮಾನ್ಯವಾಗಿ ರಟ್ಟಿನ ಪೆಟ್ಟಿಗೆಯ ಜೊತೆ. ಹಾಗಾಗಿ ರಟ್ಟು ಹೊಸಿಲ ಹೊರಗೇ ಉಳಿಯಬೇಕು. ಚೀಲಗಳನ್ನು ತೆಗೆದು, 70 ಶೇಕಡಾ ಆಲ್ಕೋಹಾಲಿನಲ್ಲಿ ಮೇಲ್ಮೈ ಒರೆಸಿ ಒಳಗೆ ಒಯ್ಯಬೇಕು. ಇನ್‌ಕ್ಯುಬೇಟರಿನ ತಳದ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದೆವು, ಮಳೆಗಾಲದಲ್ಲಿ ಎರಡು ಸಲ ಮಾಡಿದೆವು. ಕೋಶಗಳ ಆಹಾರಕ್ಕೆ ಬೆರೆಸುವ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾ ತಡೆಯುತ್ತದೆ, ಬೂಷ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಬಿಲ್ಲೆ ಒಣಗಿಸಿಡಲು ಬಣ್ಣ ಬದಲಿಸುವ ನೀಲಿ ಸಿಲಿಕಾ ಜೆಲ್ ಬಳಸಬೇಡಿ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು. ಒಂದು ಹರಳು ಚೀಲಕ್ಕೆ ಬಿದ್ದರೂ ಲೋಹಗಳ ಪಟ್ಟಿಯಲ್ಲಿ ಕೋಬಾಲ್ಟ್ ಕಾಣಿಸಿಕೊಂಡು, ಅದು ಎಲ್ಲಿಂದ ಬಂತೆಂದು ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ. ಬಣ್ಣವಿಲ್ಲದ ಜೆಲ್ ಹಾಕಿ, ತೇವಾಂಶ ನೋಡಲು ಒಂದು ಮೀಟರ್ ಇಡಿ.

ಕೈಗವಸೂ ನೈಟ್ರೈಲಿನದೇ ಆಗಬೇಕು, ಪುಡಿಯಿಲ್ಲದ್ದು. ಪ್ಲಾಟಿನಂನಿಂದ ಗಟ್ಟಿಯಾಗುವ ಸಿಲಿಕೋನಿಗೆ ಗಂಧಕ ಆಗದು. ಅಚ್ಚು ಹಾಕುವವರು ಲೇಟೆಕ್ಸ್ ಗ್ಲೌಸಿನಲ್ಲಿ ಮುಟ್ಟಿದರೆ ಆ ಜಾಗದಲ್ಲಿ ಸಿಲಿಕೋನ್ ಪೂರ್ತಿ ಬೇಯದೆ ಜಿಗುಟಾಗಿ ಉಳಿಯುತ್ತದೆ. ಬೆರಳಿನ ಗುರುತಿನ ಆಕಾರದಲ್ಲೇ ಜಿಗುಟು ಕಂಡರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಮೊದಲ ಕೆಲಸ ಗುರುತು ಹಿಡಿಯುವುದು. ವಸ್ತು ಯಾವ ಅವಕೆಂಪು ಬೆಳಕನ್ನು ಹೀರುತ್ತದೆಂದು ತೋರಿಸುವ ಎಫ್‌ಟಿಐಆರ್ ಯಂತ್ರದ ಹರಳಿನ ಮೇಲೆ ಬಿಲ್ಲೆಯನ್ನು ಒತ್ತಿ ಹಿಡಿದರೆ ಸಿಲಿಕೋನಿನ ಗೆರೆಗಳು ಕಾಣುತ್ತವೆ: ಅಲೆಸಂಖ್ಯೆ 1260ರ ಹತ್ತಿರ ಚೂಪು ಶಿಖರ, 1000ದಿಂದ 1100ರ ನಡುವೆ ಅಗಲದ ಜೋಡಿ. ಇದು ಐದು ನಿಮಿಷದ ಕೆಲಸ, ಆದರೂ ಬಿಡಬಾರದು. ಸಿಲಿಕೋನಿನ ಬದಲು ಬೇರೆ ವಸ್ತು ಬಂದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಸಾರ ತೆಗೆಯುವುದು. ಇಡೀ ಪರೀಕ್ಷೆಯ ಜೀವ ಇರುವುದು ಇಲ್ಲಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ವಸ್ತುವನ್ನು ದ್ರವದಲ್ಲಿ ನೆನೆಹಾಕಿ, ಅದರಿಂದ ಬಿಟ್ಟುಕೊಂಡದ್ದನ್ನು ಪರೀಕ್ಷಿಸುತ್ತೇವೆ. ಯಾವ ದ್ರವ ಎಂಬುದು ಮುಖ್ಯ. ಒಗ್ಗರಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೆಣಸಿನ ಕೆಂಪು ಎಣ್ಣೆಗೆ ಇಳಿಯುತ್ತದೆ, ನೀರಿಗೆ ಇಳಿಯದು, ಉಪ್ಪು ನೀರಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯದು. ಮೈಯೊಳಗೆ ನೀರೂ ಇದೆ, ಕೊಬ್ಬೂ ಇದೆ. ಆದ್ದರಿಂದಲೇ ಪ್ರಾಣಿ ಪರೀಕ್ಷೆಗಳಿಗೆ ಸಲೈನ್ ಮತ್ತು ಎಳ್ಳೆಣ್ಣೆ ಅಥವಾ ಹತ್ತಿಬೀಜದ ಎಣ್ಣೆ ಎರಡರಲ್ಲೂ ಸಾರ ತೆಗೆಯುತ್ತಾರೆ. ಕೋಶಪರೀಕ್ಷೆಗೆ ಕೋಶಗಳ ಆಹಾರದ್ರವವನ್ನೇ, ಶೇಕಡಾ 10 ಸೀರಂ (ರಕ್ತದ ತಿಳಿದ್ರವ) ಬೆರೆಸಿ ಬಳಸುತ್ತೇವೆ. ಸೀರಂ ಇರುವುದರಿಂದ ಎರಡೂ ಬಗೆಯ ಅಂಶ ಇಳಿಯುತ್ತದೆ. ಉಷ್ಣತೆ 37 ಡಿಗ್ರಿ, ಒಂದು ಡಿಗ್ರಿ ಆಚೀಚೆ. ಸಮಯ 24 ಗಂಟೆ, ಎರಡು ಗಂಟೆ ಆಚೀಚೆ.

ಎಷ್ಟು ಬಿಲ್ಲೆಗೆ ಎಷ್ಟು ದ್ರವ? ಒಂದು ಬಿಲ್ಲೆಯ ಎರಡೂ ಮುಖ ಸೇರಿ 2.26 ಚ.ಸೆಂ.ಮೀ., ಅಂಚಿನ ಸುತ್ತು 0.75, ಒಟ್ಟು 3 ಚ.ಸೆಂ.ಮೀ. 1 ಮಿ.ಮೀ.ಗಿಂತ ದಪ್ಪದ ರಬ್ಬರಿನಂಥ ವಸ್ತುವಿಗೆ ನಿಯಮ 1.25 ಚ.ಸೆಂ.ಮೀ.ಗೆ 1 ಮಿ.ಲೀ. ಹತ್ತು ಬಿಲ್ಲೆಗೆ 30 ಚ.ಸೆಂ.ಮೀ., ಆದ್ದರಿಂದ 24 ಮಿ.ಲೀ. ದ್ರವ. ಅರ್ಧ ಮಿ.ಮೀ.ಗಿಂತ ತೆಳುವಾದ ಹಾಳೆಯಾಗಿದ್ದರೆ 6 ಚ.ಸೆಂ.ಮೀ.ಗೆ 1 ಮಿ.ಲೀ. ಎಂದು ಹಿಡಿಯಬೇಕಿತ್ತು. ಅಂಚನ್ನು ಮರೆತು ಬರೀ ಎರಡು ಮುಖ ಲೆಕ್ಕ ಹಾಕಿದರೆ 18 ಮಿ.ಲೀ. ಬರುತ್ತದೆ, ಸಾರ ಅನಗತ್ಯವಾಗಿ ದಟ್ಟವಾಗಿ, ಒಳ್ಳೆಯ ವಸ್ತುವೂ ಬೀಳಬಹುದು. ಬಿಲ್ಲೆಯನ್ನು ಕತ್ತರಿಸಿ ಹಾಕಲೂ ಕೂಡದು. ಕತ್ತರಿಸಿದ ಅಂಚಿನಲ್ಲಿ ಒಳಗಿನ ರಬ್ಬರ್ ತೆರೆದುಕೊಂಡು, ಮೈಯೊಳಗೆ ಎಂದೂ ಬಿಡದ ಅಂಶವೂ ಬಿಡುತ್ತದೆ.

ಸೀಸೆ ಬೋರೋಸಿಲಿಕೇಟ್ ಗಾಜಿನದು, ಮುಚ್ಚಳದೊಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರ ಇರುವಂಥದ್ದು. ರಬ್ಬರ್ ಪದರದ ಮುಚ್ಚಳ ಹಾಕಿದರೆ ಮುಚ್ಚಳದ್ದೂ ಸಾರಕ್ಕೆ ಇಳಿಯುತ್ತದೆ. ಸಿಲಿಕೋನ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ದೋಸೆಯ ಹಾಗೆ ಪೇರಿಸಿಕೊಳ್ಳುತ್ತವೆ. ಹಾಗಾದರೆ 30 ಚ.ಸೆಂ.ಮೀ. ಎಂದು ಬರೆದದ್ದು ಕಾಗದದಲ್ಲಿ ಮಾತ್ರ. ಸ್ಟೆರೈಲ್ ಚಿಮಟದಿಂದ ಒಂದೊಂದಾಗಿ ಬಿಟ್ಟು, ಸೀಸೆಯನ್ನು ಶೇಕರ್ ಮೇಲೆ ಮೆಲ್ಲಗೆ ಆಡಿಸುತ್ತಿರಬೇಕು. ಬಿಲ್ಲೆಯಿಲ್ಲದ ಇನ್ನೊಂದು ಸೀಸೆಗೆ ಅದೇ ದ್ರವ ತುಂಬಿ ಪಕ್ಕದಲ್ಲೇ ಇಡಬೇಕು, ಅದು ಬ್ಲ್ಯಾಂಕ್. ಕರೆಂಟ್ ಹೋಗಿಬಂದಾಗ ಇನ್‌ಕ್ಯುಬೇಟರ್ ಒಳಗೆ ಎಷ್ಟು ಡಿಗ್ರಿ ಇಳಿಯಿತೆಂದು ಊಹಿಸಬಾರದು, ಡೇಟಾ ಲಾಗರ್ ಒಳಗಿಡಿ. ಸಾರವನ್ನು ಸೋಸಬೇಡಿ, ಪಿಎಚ್ ಸರಿಪಡಿಸಬೇಡಿ. ಬಣ್ಣ ಬದಲಾದರೆ, ಕದಡಿದರೆ ಬರೆದಿಡಿ. ದ್ರವದಲ್ಲಿರುವ ಫಿನಾಲ್ ರೆಡ್ ಎಂಬ ಬಣ್ಣ ಹಳದಿಗೆ ತಿರುಗಿದರೆ ಆಮ್ಲ ಬಿಡುತ್ತಿದೆ ಎಂದರ್ಥ. ಪೆರಾಕ್ಸೈಡಿನಿಂದ ಬೇಯಿಸಿದ ಸಿಲಿಕೋನನ್ನು ಸರಿಯಾಗಿ ಪೋಸ್ಟ್‌ಕ್ಯೂರ್ ಮಾಡದಿದ್ದರೆ, ಅಂದರೆ ಅಚ್ಚಿನಿಂದ ತೆಗೆದಮೇಲೆ ಮತ್ತೆ ಒವನ್ನಿನಲ್ಲಿ ಕಾಯಿಸದಿದ್ದರೆ, ಹೀಗಾಗುತ್ತದೆ. ನಮ್ಮ ಸಾರ ಗುಲಾಬಿಯಾಗಿಯೇ ಇತ್ತು.

ಕೋಶಗಳು ಎಲ್929, ಇಲಿಯ ಫೈಬ್ರೋಬ್ಲಾಸ್ಟ್, ಅಂದರೆ ಅಂಗಾಂಶಗಳನ್ನು ಹೆಣೆಯುವ ಕೋಶ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಲ್ಲಿ ಸಿಗುತ್ತವೆ. 96 ಗುಣಿಯ ತಟ್ಟೆಯ ಪ್ರತಿ ಗುಣಿಗೆ 100 ಮೈಕ್ರೊಲೀಟರ್‌ನಲ್ಲಿ 10,000 ಕೋಶ ಬಿಡಬೇಕು. ಅಂಚಿನ ಗುಣಿಗಳಲ್ಲಿ ಕೋಶ ಬೇಡ, ಬರೀ ದ್ರವ. ಅಂಚಿನಲ್ಲಿ ಬೇಗ ಆವಿಯಾಗಿ ಲೆಕ್ಕ ಕೆಡುತ್ತದೆ. 24 ಗಂಟೆ ಬೆಳೆಯಲು ಬಿಟ್ಟು, ಹಳೆಯ ದ್ರವ ತೆಗೆದು ಸಾರ ಹಾಕಬೇಕು: ಪೂರ್ತಿ ಸಾರ, ಅರ್ಧ, ಕಾಲು, ಅರೆಕಾಲು ಎಂದು ನಾಲ್ಕು ಹದ. ಜೊತೆಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯ ಸಾರ ಇರಬೇಕು, ಅದು ಕೋಶ ಕೊಲ್ಲಬಾರದು. ಸತುವಿನ ಡೈಥೈಲ್‌ಡೈಥಿಯೋಕಾರ್ಬಮೇಟ್ ಬೆರೆಸಿದ ಪಾಲಿಯುರೆಥೇನಿನ ಸಾರವೂ ಇರಬೇಕು, ಅದು ಕೊಲ್ಲಲೇಬೇಕು. ಕೊಲ್ಲದಿದ್ದರೆ ಇಡೀ ತಟ್ಟೆ ರದ್ದು, ನಿಮ್ಮ ವಸ್ತು ಎಷ್ಟೇ ಚೆನ್ನಾಗಿ ಪಾಸಾಗಿರಲಿ.

ಮತ್ತೆ 24 ಗಂಟೆ ಕಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಗೊತ್ತಾಯಿತು. ಬ್ಲ್ಯಾಂಕ್ ಗುಣಿಯಲ್ಲಿ ಕೋಶಗಳು ಕದಿರಿನ ಹಾಗೆ ಎರಡೂ ತುದಿ ಚೂಪಾಗಿ, ಒಂದರ ಪಕ್ಕ ಒಂದು ನೆಲಕಚ್ಚಿ ಹಬ್ಬಿದ್ದವು. ನಮ್ಮ ಬಿಲ್ಲೆಯ ಪೂರ್ತಿ ಸಾರದ ಗುಣಿಯಲ್ಲಿ ಬಹುಪಾಲು ಕೋಶಗಳು ಸಾಬಕ್ಕಿಯ ಹಾಗೆ ಗುಂಡಗಾಗಿ, ನೆಲ ಬಿಟ್ಟು ತೇಲುತ್ತಿದ್ದವು. ಎಂಟಿಟಿ ಹಾಕಿ ಎರಡು ಗಂಟೆ ಇಟ್ಟೆವು. ಬದುಕಿದ ಕೋಶ ಈ ಹಳದಿ ಪುಡಿಯನ್ನು ನೇರಳೆ ಹರಳಾಗಿ ಮಾಡುತ್ತದೆ. ಹರಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ 570 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತೇವೆ. ಬ್ಲ್ಯಾಂಕ್ 0.82 ಓದಿತು, ಗಾಢ ನೇರಳೆ ಹಣ್ಣಿನ ಬಣ್ಣ. ಪೂರ್ತಿ ಸಾರ 0.27, ಅಂದರೆ ಶೇಕಡಾ 33. ಅರ್ಧ ಸಾರ 60, ಕಾಲು ಸಾರ 88. ಶೇಕಡಾ 70ಕ್ಕಿಂತ ಕೆಳಗೆ ಬಂದರೆ ಕೋಶಕ್ಕೆ ವಿಷ ಎಂದು ಐಎಸ್‌ಒ 10993ರ 5ನೇ ಭಾಗ ಹೇಳುತ್ತದೆ. ಎಚ್‌ಡಿಪಿಇ 98, ಪಾಲಿಯುರೆಥೇನ್ 7. ತಟ್ಟೆ ಸರಿಯಾಗಿದೆ, ತೆಳುವಾದಷ್ಟೂ ಕೊಲ್ಲುವುದು ಕಡಿಮೆಯಾಗಿದೆ. ಇಷ್ಟು ಸಾಲಾಗಿ ಬಂದ ಅಂಕಿ ಕೈತಪ್ಪಿನದಲ್ಲ, ಬಿಲ್ಲೆಯಿಂದ ನಿಜಕ್ಕೂ ಏನೋ ಇಳಿಯುತ್ತಿದೆ.

ಇಂಥ ಹೊತ್ತಿನಲ್ಲಿ ಪರೀಕ್ಷೆಯನ್ನು ಹಾಗೇ ಮತ್ತೊಮ್ಮೆ ಮಾಡಿ ಪಾಸಾಗಲಿ ಎಂದು ಕಾಯುವುದು ದೊಡ್ಡ ತಪ್ಪು. ಅನುಮಾನಗಳನ್ನು ಬೇರೆಬೇರೆ ಮಾಡಿ ಒಂದೇ ದಿನ, ಒಂದೇ ತಟ್ಟೆಯಲ್ಲಿ ಕೂರಿಸಬೇಕು. ನಾವು ಕೂರಿಸಿದ್ದು ನಾಲ್ಕು ಗುಂಪು. ಬಂದ ಹಾಗೆಯೇ ಇದ್ದ ಬಿಲ್ಲೆ. ಅದೇ ಬ್ಯಾಚಿನ, ಅನಿಲ ತಾಕದ ಬಿಲ್ಲೆ, ಇಲ್ಲಿ ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆ ಕೊಟ್ಟದ್ದು. ಸಿಲಿಕೋನ್ ಅದನ್ನು ಆರಾಮವಾಗಿ ತಡೆಯುತ್ತದೆ. ಅನಿಲ ತಾಕಿದ ಬಿಲ್ಲೆಯನ್ನು 55 ಡಿಗ್ರಿಯಲ್ಲಿ ಎರಡು ದಿನ ಗಾಳಿಯಾಡಿಸಿದ್ದು. ಕೊನೆಗೆ ಬಿಲ್ಲೆಯಿಲ್ಲದೆ ಅನಿಲದಲ್ಲಿ ಹಾಯ್ದ ಖಾಲಿ ಚೀಲದ ತುಂಡು. ಬಂದ ಹಾಗೆ ಇದ್ದದ್ದು ಮತ್ತೆ ಬಿತ್ತು. ಉಳಿದ ಮೂರೂ ಪಾಸು. ಅಚ್ಚು, ಪೋಸ್ಟ್‌ಕ್ಯೂರ್, ಸೋಪು, ಕೈಗವಸು ಎಲ್ಲವೂ ಎರಡನೆಯ ಗುಂಪಿಗೂ ಸಮಾನ. ಆದ್ದರಿಂದ ಅವು ತಪ್ಪಿತಸ್ಥರ ಸಾಲಿನಿಂದ ಹೊರಗೆ. ಒಂದು ಸಂದೇಹ ಉಳಿಯುತ್ತದೆ: ಆಟೋಕ್ಲೇವಿನ ಬಿಸಿಗೇ ಬೇಯದ ಅಂಶ ಹಾರಿಹೋಗಿದ್ದರೆ? ಅದಕ್ಕೆ ಅನಿಲ ತಾಕದ ಬಿಲ್ಲೆಗಳನ್ನು ತೂಗಿ, 200 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು ಮತ್ತೆ ತೂಗಿದೆವು. ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಉಳಿದದ್ದು ಎಥಿಲೀನ್ ಆಕ್ಸೈಡ್ ಒಂದೇ.

ಈ ಅನಿಲ ಸಿಲಿಕೋನಿನೊಳಗೆ ಸುಲಭವಾಗಿ ಹೊಕ್ಕು ಕರಗಿಕೊಳ್ಳುತ್ತದೆ. ಕ್ರಿಮಿ ಸಾಯುವುದು ಅದರಿಂದಲೇ, ಕೋಶ ಸಾಯುವುದೂ ಅದರಿಂದಲೇ. ಸ್ಟೆರೈಲ್ ಆದಮೇಲೆ ಅದು ಪೂರ್ತಿ ಹೊರಗೆ ಬರುವ ತನಕ ಬೆಚ್ಚಗಿನ ಗಾಳಿ ಹರಿಯುತ್ತಿರಬೇಕು. ಅನಿಲ ಹಾಯಿಸಿದವರನ್ನು ಕೇಳಿ ತಿಳಿದದ್ದು ಇಷ್ಟು: ಆ ದಿನ ಕರೆಂಟ್ ಕೈಕೊಟ್ಟು ಗಾಳಿಯಾಡಿಸುವ ಹೊತ್ತು ಅರ್ಧಕ್ಕೆ ನಿಂತಿತ್ತು. ಚೀಲಗಳು ಒತ್ತೊತ್ತಾಗಿ ಪೇರಿಸಿದ್ದವು, ಅಂದು ಸಂಜೆಯೇ ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಲಾಗಿತ್ತು. "ವಾಸನೆ ಏನೂ ಇರಲಿಲ್ಲ ಸರ್" ಎಂದರು. ಮೂಗನ್ನು ನಂಬುವ ಹಾಗಿಲ್ಲ. ವಾಸನೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿ ಅಪಾಯದ ಪ್ರಮಾಣ ಎಂದೋ ದಾಟಿರುತ್ತದೆ. ಇದು ಕ್ಯಾನ್ಸರ್ ತರುವ, ಬೆಂಕಿ ಹಿಡಿಯುವ ಅನಿಲ.

ಚೀಲದ ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಉಸಿರಾಡುವ ಕಾಗದ ಅಥವಾ ಟೈವೆಕ್ ಎಂಬ ಕಾಗದದಂಥ ಹಾಳೆ. ಅನಿಲ ಹೊರಗೆ ಬರುವುದು ಆ ಒಂದೇ ಬದಿಯಿಂದ. ಆ ಬದಿಯ ಮೇಲೆ ಇನ್ನೊಂದು ಚೀಲದ ಪ್ಲಾಸ್ಟಿಕ್ ಕೂತರೆ ಬಾಗಿಲು ಮುಚ್ಚಿದಂತೆಯೇ. ಕಾಗದದ ಬದಿ ಮೇಲಿರಲಿ, ಒಂದೇ ಪದರ ಇರಲಿ.

ಬಿಲ್ಲೆಯಲ್ಲಿ ಉಳಿದ ಅನಿಲವನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫಿಯಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆಸಬೇಕು. ಮಾದರಿ ಕಳಿಸುವುದೇ ಇದರಲ್ಲಿ ಕಷ್ಟದ ಭಾಗ. ಎಥಿಲೀನ್ ಆಕ್ಸೈಡ್ ಸುಮಾರು 11 ಡಿಗ್ರಿಯಲ್ಲೇ ಕುದಿಯುತ್ತದೆ. ಬಿಲ್ಲೆಯನ್ನು ಬರೀ ಚೀಲದಲ್ಲಿ ಹಾಕಿ ಘಟ್ಟ ಹತ್ತಿಸಿ ಎರಡು ದಿನ ಓಡಾಡಿಸಿದರೆ ಅನಿಲ ದಾರಿಯಲ್ಲೇ ಹಾರಿ, ವರದಿಯಲ್ಲಿ ಎಲ್ಲ ಸರಿ ಎಂದು ಬರುತ್ತದೆ. ಬಿಲ್ಲೆ ತೆಗೆದ ಜಾಗದಲ್ಲೇ ಹೆಡ್‌ಸ್ಪೇಸ್ ವಯಲಿಗೆ (ಗಾಳಿಯಾಡದ ಸಣ್ಣ ಸೀಸೆ) ಹಾಕಿ, ಲೋಹದ ಮುಚ್ಚಳ ಬಿಗಿದು, ಫ್ರೀಜರಿನಲ್ಲಿಟ್ಟು, ಡ್ರೈ ಐಸ್ ಜೊತೆ ಕಳಿಸಬೇಕು. ಮಳೆಗಾಲದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ನಿಂತಿತು. ಅಂದಿನಿಂದ ಡ್ರೈ ಐಸನ್ನು ಒಂದು ದಿನಕ್ಕೆ ಬೇಕಾಗುವಷ್ಟೇ ತುಂಬಿ ಕಳಿಸುವುದನ್ನು ಬಿಟ್ಟಿದ್ದೇವೆ, ಮೂರು ದಿನಕ್ಕಾಗುವಷ್ಟು ತುಂಬುತ್ತೇವೆ. ಸಾರವನ್ನು ಮಾತ್ರ ಎಂದೂ ಪಾರ್ಸೆಲ್ ಮಾಡಬೇಡಿ. ಅದನ್ನು ಕೂಡಲೇ ಬಳಸಬೇಕು. 24 ಗಂಟೆ ಮೀರಿದರೆ ಕೆಟ್ಟಿಲ್ಲವೆಂದು ನೀವೇ ಸಾಬೀತು ಮಾಡಬೇಕಾಗುತ್ತದೆ. ಬಿಲ್ಲೆ ಹೋಗಲಿ, ಸಾರವನ್ನು ಅಲ್ಲೇ ತೆಗೆಯಲಿ.

ದೀರ್ಘಕಾಲ ಒಳಗಿರುವ ಸಾಧನಕ್ಕೆ ಮಿತಿ ಹೀಗಿದೆ: ಎಥಿಲೀನ್ ಆಕ್ಸೈಡ್ ಮೊದಲ 24 ಗಂಟೆಯಲ್ಲಿ 4 ಮಿ.ಗ್ರಾಂ., ಮೊದಲ 30 ದಿನದಲ್ಲಿ 60 ಮಿ.ಗ್ರಾಂ., ಜೀವಮಾನದಲ್ಲಿ 2.5 ಗ್ರಾಂ. ಈ ಮಿತಿ ದಾಟದ ಸಾಧನವೂ ಕೋಶಪರೀಕ್ಷೆಯಲ್ಲಿ ಬೀಳಬಹುದು, ಅದರಲ್ಲಿ ವಿರೋಧವೇನಿಲ್ಲ. ಬಿಲ್ಲೆಯಲ್ಲಿ 1 ಮಿ.ಗ್ರಾಂ. ಉಳಿದಿದೆ ಎನ್ನಿ. ಮಿತಿಯ ಕಾಲುಭಾಗವಷ್ಟೇ. ಆದರೆ ತಟ್ಟೆಯ ಲೆಕ್ಕದಲ್ಲಿ ಅದು ಸೇರುವುದು 2.4 ಮಿ.ಲೀ. ದ್ರವಕ್ಕೆ, ಮಿ.ಲೀ.ಗೆ 0.4 ಮಿ.ಗ್ರಾಂ.ಗೂ ಹೆಚ್ಚು. ಮೈಯಲ್ಲಿ ರಕ್ತ ಹರಿದು ಹಂಚಿಕೊಳ್ಳುವ ಹಾಗೆ ಗುಣಿಯಲ್ಲಿ ಹಂಚಿಕೊಳ್ಳಲು ಜಾಗವಿಲ್ಲ. ಹಾಗೆಂದು ಕೋಶಪರೀಕ್ಷೆಯನ್ನು ತಳ್ಳಿಹಾಕಿ ಮಿತಿಯ ಕಾಗದ ತೋರಿಸುವವರ ಜೊತೆ ನಾವು ಇಲ್ಲ. ಗಾಳಿಯಾಡಿಸಿದರೆ ಹೋಗುವಂಥದ್ದನ್ನು ರೋಗಿಯ ಮೈಗೆ ಕಳಿಸುವುದೇಕೆ?

ಹೊಸ ಬ್ಯಾಚನ್ನು ಒಂದೇ ಪದರದಲ್ಲಿ, ತಡೆಯಿಲ್ಲದೆ ಗಾಳಿಯಾಡಿಸಿ ತರಿಸಿದ್ದಾಯಿತು. ಪೂರ್ತಿ ಸಾರದಲ್ಲಿ ಕೋಶಗಳು ಶೇಕಡಾ 93 ಬದುಕಿದವು.

ಕೋಶಪರೀಕ್ಷೆ ದಾಟಿದ ಮೇಲೆ ರಸಾಯನದ ಆಳವಾದ ಭಾಗ ಬರುತ್ತದೆ. ಸಿಲಿಕೋನಿಗೆ ಒಂದು ವಿಶೇಷ ತೊಡಕಿದೆ. ಹೆಕ್ಸೇನಿನಲ್ಲಿ ನೆನೆಹಾಕಿದರೆ ಬಿಲ್ಲೆ ನೀರು ಕುಡಿದ ಕಡಲೆಯ ಹಾಗೆ ಊದಿಕೊಳ್ಳುತ್ತದೆ, ಸೀಸೆಯಲ್ಲಿ ಜಾಗ ಬಿಟ್ಟಿರಬೇಕು. ಅದರಿಂದ ಇಳಿಯುವುದು ಮುಖ್ಯವಾಗಿ ಉಂಗುರಾಕಾರದ ಸಣ್ಣ ಸಿಲಾಕ್ಸೇನುಗಳು, ಡಿ4, ಡಿ5, ಡಿ6. ಆದರೆ ಇವೇ ಅಣುಗಳು ಅಣುಗಳನ್ನು ಬೇರ್ಪಡಿಸಿ ತೂಗುವ ಜಿಸಿಎಂಎಸ್ ಯಂತ್ರದ ಸೆಪ್ಟಮ್ಮಿನಿಂದ (ಸೂಜಿ ಚುಚ್ಚುವ ಬಿರಡೆ), ಕಾಲಮ್ಮಿನಿಂದಲೂ (ಒಳಗಿನ ಸಪೂರ ಕೊಳವೆ) ಸೋರುತ್ತವೆ. ಅವೂ ಸಿಲಿಕೋನಿನವೇ ತಾನೆ. 207, 281 ಎಂಬ ರಾಶಿಸಂಖ್ಯೆ ಕಂಡ ಕೂಡಲೇ ಬಿಲ್ಲೆಯ ತಲೆಗೆ ಕಟ್ಟಬೇಡಿ. ಪ್ರತಿ ಐದಾರು ಮಾದರಿಗೊಮ್ಮೆ ಬರೀ ಹೆಕ್ಸೇನ್ ಓಡಿಸಿ, ಬ್ಲ್ಯಾಂಕಿನಲ್ಲಿ ಎಷ್ಟಿದೆ ನೋಡಿ, ಅದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನಷ್ಟೇ ಬಿಲ್ಲೆಯದೆಂದು ಬರೆಯಿರಿ. ಕಡಲತೀರದ ಊರಲ್ಲಿ ಲೋಹಗಳ ಪರೀಕ್ಷೆಗೂ ಇದೇ ಮಾತು: ಗಾಳಿಯ ಉಪ್ಪಿನಿಂದ ಸೋಡಿಯಂ ಬ್ಲ್ಯಾಂಕಿನಲ್ಲೂ ಬರುತ್ತದೆ.

ಜ್ವರಕಾರಕ ಎಂಡೋಟಾಕ್ಸಿನ್ ಪರೀಕ್ಷೆಗೆ ಬಳಸುವ ಎಲ್ಎಎಲ್ ಎಂಬ ದ್ರಾವಣ ಬರುವುದು ಅಮೆರಿಕದ ಅಟ್ಲಾಂಟಿಕ್ ತೀರದ ಕುದುರೆಲಾಳದ ಏಡಿಯ ರಕ್ತದಿಂದ. ಸಾಧನವೊಂದಕ್ಕೆ 20 ಯೂನಿಟ್ ಸಾಮಾನ್ಯ ಮಿತಿ. ಸ್ಟೆರೈಲ್ ಮಾಡಿದರೂ ಎಂಡೋಟಾಕ್ಸಿನ್ ಹೋಗುವುದಿಲ್ಲ, ಸತ್ತ ಬ್ಯಾಕ್ಟೀರಿಯಾದ ಗೋಡೆಯೇ ಅದು. ಆದ್ದರಿಂದ ತೊಳೆಯುವ ನೀರು ಟಾಂಕಿಯಲ್ಲಿ ನಿಂತದ್ದಾಗಿರಬಾರದು.

ಅಲರ್ಜಿ, ಕೆರಳಿಕೆ ಮತ್ತು ಅಂಗಾಂಶದಲ್ಲಿ ಇಟ್ಟು ನೋಡುವ ಪರೀಕ್ಷೆಗಳಿಗೆ ಐಎಸ್‌ಒ 17025 ಎಂಬ ಲ್ಯಾಬುಗಳ ಮಾನಕದ ಪ್ರಕಾರ ಮಾನ್ಯತೆಯಿರುವ, ಪ್ರಾಣಿಗಳ ಅನುಮತಿಯಿರುವ ಲ್ಯಾಬೇ ಬೇಕು. ಕಾರವಾರದಲ್ಲಿ ನಾವು ಮಾಡುವಂಥದ್ದಲ್ಲ. ವೈದ್ಯಕೀಯ ಸಾಧನಗಳ ನಿಯಮ 2017 ಜಾರಿಗೆ ಬಂದಮೇಲೆ ಲೈಸೆನ್ಸಿಗೆ ಹೋಗುವ ಕಡತದಲ್ಲಿ ಈ ವರದಿಗಳೆಲ್ಲ ಒಂದೇ ಬ್ಯಾಚಿನ, ಒಂದೇ ರೂಪದ ವಸ್ತುವಿನವೆಂದು ತೋರಿಸಬೇಕು. ಅದಕ್ಕೇ ಕಳಿಸುವಾಗ ಚೀಟಿಯಲ್ಲಿ ಬ್ಯಾಚ್ ಸಂಖ್ಯೆಯ ಜೊತೆ ಅಚ್ಚಿನ ದಿನ, ಪೋಸ್ಟ್‌ಕ್ಯೂರಿನ ಡಿಗ್ರಿ ಮತ್ತು ಗಂಟೆ, ಅನಿಲದ ಲೋಡ್ ಸಂಖ್ಯೆ, ಗಾಳಿಯಾಡಿಸಿದ ಗಂಟೆ ಇಷ್ಟನ್ನೂ ಬರೆಯುತ್ತಿದ್ದೇವೆ. ಕೊನೆಯ ಎರಡು ಸಾಲು ಮೊದಲ ಚೀಟಿಯಲ್ಲಿ ಇರಲಿಲ್ಲ.

ಹೊಸ ಬ್ಯಾಚಿನಿಂದ ನಲವತ್ತು ಬಿಲ್ಲೆ ಆ ಲ್ಯಾಬಿಗೆ ಹೋಗಿವೆ. ಅಂಗಾಂಶದ ಸ್ಲೈಡುಗಳಲ್ಲಿ ಮೊದಲನೆಯವು ನಾಲ್ಕನೇ ವಾರದವು, ಆಮೇಲಿನವು ಹನ್ನೆರಡನೇ ವಾರದವು. ಹತ್ತು ಬಿಲ್ಲೆ ಇಲ್ಲೇ ಡೆಸಿಕೇಟರಿನಲ್ಲಿವೆ, ಕಾಗದದ ಬದಿ ಮೇಲಾಗಿ.